ಮೂರು ಪ್ರಶ್ನೆ ಕೇಳಿ ಡಿಸ್ಕ್ ಮುಟ್ಟುತ್ತಿದ್ದವರು

ಗಂಗಾವತಿಯ ಆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನಾನು ಅವರ ಜೊತೆ ಕೆಲಸ ಮಾಡಿದ್ದು ಹದಿನಾರು ತಿಂಗಳು. ನನ್ನ ದಿನಚರಿಯ ಪ್ರಕಾರ 391 ದಿನ. ಅದರಲ್ಲಿ ಅವರು ಬಾರದೇ ಇದ್ದದ್ದು 22 ದಿನ. ಒಂದು ಸಲ ಜ್ವರ, ಒಂದು ಸಲ ಮೊಮ್ಮಗಳ ಜಾವಳ. ಉಳಿದದ್ದೆಲ್ಲ ಶ್ರೀರಾಮನಗರದ ಅವರ ಎರಡು ಎಕರೆಗೆ ಕಾಲುವೆ ನೀರಿನ ಪಾಳಿ ಬಂದ ದಿನಗಳು.

ಈ ಜನವರಿ ಒಂಬತ್ತರಂದು ಅವರು ತೀರಿಕೊಂಡರು. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇತ್ತು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಂಗಡಿಯ ಕೆಲಸದ ವಹಿಯಲ್ಲಿ ‘ರಿಪೇರಿ ಮಾಡಿದವರು’ ಎಂಬ ಕಾಲಮಿನಲ್ಲಿ ಅವರೇ ಹೆಸರು ಬರೆಯದೆ ಒಂದು ಸಣ್ಣ ಗೆರೆ ಎಳೆಯುತ್ತಿದ್ದರು. ಗಿರಾಕಿಗಳಿಗೆ ಅವರು ‘ಕ್ಯಾಂಪ್ ಸರ್’. ತೆಲುಗಿನವರು ಬಂದು ಗದ್ದೆ ಮಾಡಿಕೊಂಡ ಊರುಗಳಿಗೆ ನಮ್ಮ ಕಡೆ ಇವತ್ತಿಗೂ ಕ್ಯಾಂಪ್ ಅನ್ನುತ್ತಾರೆ. ಅವರ ಅಜ್ಜ ಹಾಗೆ ಬಂದವರು. ಕನ್ನಡವನ್ನು ಅವರು ನಮ್ಮಂತೆಯೇ ಮಾತಾಡುತ್ತಿದ್ದರು. ಎಣಿಸುವಾಗ ಮಾತ್ರ ತೆಲುಗು. ಸ್ಕ್ರೂ ಬಿಚ್ಚಿ ತಟ್ಟೆಯಲ್ಲಿ ಇಡುವಾಗ ‘ಒಕಟಿ, ರೆಂಡು, ಮೂಡು’ ಎಂದು ಗೊಣಗುವುದು ಹೊರಗಿನವರೆಗೆ ಕೇಳುತ್ತಿತ್ತು. ನನ್ನನ್ನು ‘ಅಮ್ಮಾ’ ಎನ್ನುತ್ತಿದ್ದರು. ನನಗೆ ಆಗ ಇಪ್ಪತ್ತಮೂರು, ಅವರಿಗೆ ಐವತ್ತೆಂಟು.

ಕಂಪ್ಯೂಟರ್ ಕೆಲಸವನ್ನು ಅವರು ಯಾವ ಕಾಲೇಜಿನಲ್ಲೂ ಕಲಿತಿರಲಿಲ್ಲ. ಮೊದಲು ಒಂದು ರೈಸ್ ಮಿಲ್ಲಿನ ವೇ ಬ್ರಿಜ್ಜಿನಲ್ಲಿ ಲಾರಿ ತೂಗುವ ಕೆಲಸದಲ್ಲಿದ್ದರು. ಸುಗ್ಗಿಯ ಒಂದು ದಿನ ಅಲ್ಲಿನ ಕಂಪ್ಯೂಟರ್ ಏಳಲಿಲ್ಲ, ಹೊರಗೆ ಭತ್ತದ ಲಾರಿಗಳು ನಿಂತುಬಿಟ್ಟವು. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಲಿನಕ್ಸ್ ಸಿಡಿಯೊಂದು ಮೇಜಿನ ಖಾನೆಯಲ್ಲಿ ಬಿದ್ದಿತ್ತಂತೆ. ಲಿನಕ್ಸ್ ಅಂದರೆ ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ತಂತ್ರಾಂಶ, ಸಿಡಿಯಿಂದಲೇ ಏಳಬಲ್ಲದು. ಅದನ್ನು ಹಾಕಿ ನೋಡಿದರಂತೆ. ವಿಂಡೋಸ್ ಏಳದಿದ್ದರೂ ಅದರ ಕಡತಗಳೆಲ್ಲ ಲಿನಕ್ಸಿನ ಕಿಟಕಿಯಲ್ಲಿ ಇದ್ದ ಹಾಗೇ ಕಂಡವು. ಮನೆಯ ಯಜಮಾನ ಎಚ್ಚರ ತಪ್ಪಿ ಬಿದ್ದಿದ್ದಾನೆ, ಹಿತ್ತಲ ಬಾಗಿಲಿನಿಂದ ಹೋಗಿ ಸಾಮಾನು ತಂದುಕೊಡಬಹುದು ಎಂದು ಅವತ್ತು ತಿಳಿಯಿತು ಅನ್ನುತ್ತಿದ್ದರು. ನಾನು ಬರುವ ಹೊತ್ತಿಗೆ ಸಿಡಿ ಹೋಗಿ ಪೆನ್ ಡ್ರೈವ್ ಆಗಿತ್ತು. ಅದನ್ನು ಮೊಪೆಡ್ಡಿನ ಕೀಲಿಯ ಜೊತೆ ಒಂದೇ ಗೊಂಚಲಿಗೆ ಹಾಕಿದ್ದರು.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಲಿನಕ್ಸ್ ಎದ್ದ ಕೂಡಲೇ ಡಿಸ್ಕಿನಲ್ಲಿ ಎಷ್ಟು ಪಾರ್ಟಿಷನ್ ಇವೆ ಎಂದು ನೋಡುವರು. ಒಂದು ಹಾಳೆಯ ಮೇಲೆ ಉದ್ದ ಚೌಕ ಹಾಕಿ, ಹೊಲದ ನಕ್ಷೆಯ ಹಾಗೆ ಅಡ್ಡಗೆರೆ ಎಳೆದು, ಒಂದೊಂದು ತುಂಡಿನಲ್ಲೂ ಅದರ ಅಳತೆ ಬರೆಯುವರು. ಗಿರಾಕಿಗಳು ಸಿ ಡ್ರೈವ್, ಡಿ ಡ್ರೈವ್ ಎಂದು ಕೇಳುತ್ತಿದ್ದರು. ಲಿನಕ್ಸಿನಲ್ಲಿ ಆ ಅಕ್ಷರಗಳು ಇರುವುದಿಲ್ಲ. ಯಲಬುರ್ಗಾದ ಒಬ್ಬ ಗೊಬ್ಬರದ ಅಂಗಡಿಯವರು ತಮ್ಮ ಡಿ ಡ್ರೈವ್ ಕಳುವಾಗಿದೆ ಎಂದೇ ಜಗಳಕ್ಕೆ ನಿಂತಿದ್ದರು. ಇವರು ಅವರನ್ನು ಕೂಡಿಸಿ, “ಸಿ, ಡಿ ಅಂಬೋದು ಮನಿಯಾಗ ಕರಿಯೋ ಹೆಸರು ರೀ. ರೇಷನ್ ಕಾರ್ಡಿನಾಗ ಬ್ಯಾರೇನ ಇರ್ತೈತಿ. ಮನಷ್ಯಾ ಅವನ,” ಎಂದರು. ಗೊಬ್ಬರದವರು ನಕ್ಕು, ತಮ್ಮ ರೇಷನ್ ಕಾರ್ಡಿನ ಹೆಸರು ಹೆಂಡತಿಗೂ ನೆನಪಿಲ್ಲ ಎಂದರು.

ನಕ್ಷೆ ಆದ ಮೇಲೆ ಬೇಕಾದ ಪಾರ್ಟಿಷನ್ ಅನ್ನು ಲಿನಕ್ಸಿಗೆ ಜೋಡಿಸುವುದು. ಇದಕ್ಕೆ ಮೌಂಟ್ ಮಾಡುವುದು ಅನ್ನುತ್ತೇವೆ. ಅದರಲ್ಲಿ ಎರಡು ಬಗೆ. ಓದಲಿಕ್ಕೆ ಮಾತ್ರ ಜೋಡಿಸಬಹುದು, ಅಥವಾ ಓದುವುದು ಬರೆಯುವುದು ಎರಡಕ್ಕೂ ಜೋಡಿಸಬಹುದು. ಅವರು ಯಾವಾಗಲೂ ಮೊದಲನೆಯದನ್ನೇ ಮಾಡುತ್ತಿದ್ದರು. “ನಾಟಿ ಮಾಡಿದ ಗದ್ದಿ ಬದುವಿನ ಮ್ಯಾಲ ನಿಂತು ನೋಡಬೇಕಮ್ಮಾ. ಒಳಗ ಇಳದ್ರ ಸಸಿ ತುಳೀತೀವಿ,” ಎಂದು ನನಗೆ ಹೇಳಿದ್ದು ಸೇರಿದ ಎರಡನೇ ದಿನ. ಆಮೇಲೆ ಆ ಮಾತನ್ನು ಅವರು ಮತ್ತೆ ಹೇಳಲಿಲ್ಲ. ನಾನು ಬರೆದುಕೊಂಡದ್ದನ್ನು ನೋಡಿದ್ದರು.

ಲಿನಕ್ಸಿನಿಂದ ಹೊಕ್ಕರೆ ವಿಂಡೋಸಿನ ಪಾಸ್‌ವರ್ಡ್ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಇದು ಊರಲ್ಲಿ ಕೆಲವರಿಗೆ ಗೊತ್ತಾಗಿತ್ತು. ಕುಷ್ಟಗಿಯಿಂದ ಒಬ್ಬರು ತಮ್ಮನ ಲ್ಯಾಪ್‌ಟಾಪ್ ತಂದು, ಅವನು ಯಾರ ಯಾರ ಜೊತೆ ವ್ಯವಹಾರ ಮಾಡುತ್ತಿದ್ದಾನೆ ನೋಡಿಕೊಡಿ ಎಂದು ಮೆಲ್ಲಗೆ ಕೇಳಿದರು. ಇವರು ಅದನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು ವಾಪಸ್ ಕೊಟ್ಟರು. ಕೀಲಿ ತೆಗೆಯಲಿಕ್ಕೆ ಬರುತ್ತದೆ ಎಂದು ಎಲ್ಲರ ಮನೆ ಹೊಗುವುದಿಲ್ಲ ಎಂದರು. ಗಿರಾಕಿಯದೇ ಡಿಸ್ಕ್ ಆದರೂ ಅವರು ಕಡತ ತೆರೆದು ಓದಿದ್ದನ್ನು ನಾನು ನೋಡಿಲ್ಲ. ಎಷ್ಟು ಇವೆ, ಎಷ್ಟು ದೊಡ್ಡವು ಎಂದು ಎರಡು ಕಡೆ ತಾಳೆ ಹಾಕಿ, ತೆರೆದು ನೋಡುವ ಕೆಲಸವನ್ನು ಗಿರಾಕಿಗೇ ಬಿಡುತ್ತಿದ್ದರು.

ಇನ್ನೊಂದು ಕ್ರಮವೆಂದರೆ ಮೂರು ಪ್ರಶ್ನೆ. ಯಾರೇ ಬರಲಿ, ಯಂತ್ರ ಮುಟ್ಟುವ ಮೊದಲು ಕೇಳಿ ಉತ್ತರವನ್ನು ವಹಿಯಲ್ಲಿ ಬರೆಯಬೇಕು. ಇದರಲ್ಲಿ ನಿಮಗೆ ಏನು ಬೇಕೇ ಬೇಕು? ಕೊನೆಗೆ ಯಾವಾಗ ಸರಿಯಾಗಿ ನಡೆದಿತ್ತು? ಬಂದ್ ಆಗುವಾಗ ಪರದೆಯ ಮೇಲೆ ಏನು ತೆರೆದಿತ್ತು? ಮೂರನೆಯದನ್ನು ಕೇಳಿದರೆ ಜನ ಮುಖ ನೋಡುತ್ತಿದ್ದರು. ಏನೂ ಇರಲಿಲ್ಲ, ಬಂದ್ ಮಾಡಿದ್ದೆ ಅನ್ನುತ್ತಿದ್ದರು. ಇವರು ನಿಂತೇ ಇರುತ್ತಿದ್ದರು. ಆಮೇಲೆ ಗಿರಾಕಿ ಬಂದ್ ಮಾಡಿದ್ದೆಂದರೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ್ದು ಎಂದು ತಿಳಿಯುತ್ತಿತ್ತು. ನಾನು ಲೆಕ್ಕ ಇಟ್ಟಿದ್ದೆ. ನಲವತ್ತು ಜನರಲ್ಲಿ ಇಪ್ಪತ್ತೇಳು ಮಂದಿಗೆ ಬಂದ್ ಮಾಡುವುದೆಂದರೆ ಮುಚ್ಚಳ.

ಹೋದ ವರ್ಷ ಫೆಬ್ರವರಿ 12, ಬುಧವಾರ. ಅವರ ನೀರಿನ ಪಾಳಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನೊಬ್ಬಳೇ. ಹತ್ತೂಕಾಲಿಗೆ ಮರಳಿ ಎಂಬ ಹಳ್ಳಿಯಿಂದ ನಾಟಕದ ಮಾಸ್ತರರು ಬಂದರು. ಸುತ್ತಲಿನ ಹಳ್ಳಿಗಳಿಗೆ ನಾಟಕ ಬರೆದು, ತಾಲೀಮು ಮಾಡಿಸಿ, ಹಾರ್ಮೋನಿಯಂ ಪೇಟಿ ನುಡಿಸುವವರು. ಅವರ ಲ್ಯಾಪ್‌ಟಾಪ್ ಮೂರು ದಿನದಿಂದ ಕಪ್ಪು ಪರದೆಯಲ್ಲೇ ನಿಂತಿತ್ತು. ಅದರಲ್ಲಿ ಹೊಸ ನಾಟಕವಿತ್ತು. ಆಟ ಇದ್ದದ್ದು ಹತ್ತೇ ದಿನಕ್ಕೆ, 22ರ ಶನಿವಾರ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಏನು ಬೇಕು ಎಂದು ಕೇಳಿ ‘ನಾಟಕ’ ಎಂದು ಬರೆದೆ. ಯಾವಾಗ ನಡೆದಿತ್ತು ಎಂದು ಕೇಳಿ ‘ಭಾನುವಾರ’ ಎಂದು ಬರೆದೆ. ಮೂರನೆಯದನ್ನು ಕೇಳಲಿಲ್ಲ.

ನನಗೆಂದು ಮಾಡಿಕೊಂಡಿದ್ದ ಇನ್ನೊಂದು ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿದೆ. ವಿಂಡೋಸ್ ಇದ್ದ ಪಾರ್ಟಿಷನ್ ತುಂಬಿ ತುಳುಕಿತ್ತು, ಬೆರಳಿಡಲು ಜಾಗವಿರಲಿಲ್ಲ. ಅದಕ್ಕೇ ಏಳುತ್ತಿಲ್ಲ, ಕಸ ಅಳಿಸಿದರೆ ಏಳುತ್ತದೆ ಎಂದುಕೊಂಡೆ. ಅಳಿಸಲು ಬರೆಯುವ ಹಕ್ಕು ಬೇಕು. ಲಿನಕ್ಸ್ ಕೊಡಲಿಲ್ಲ. ಈ ವಿಂಡೋಸ್ ನಿದ್ದೆಯಲ್ಲಿದೆ, ತೆರೆದಿದ್ದ ಕೆಲಸವನ್ನೆಲ್ಲ ಡಿಸ್ಕಿನ ಮೇಲೆ ಇಟ್ಟು ಮಲಗಿದೆ, ಆದ್ದರಿಂದ ಓದಲು ಮಾತ್ರ ಬಿಡುತ್ತೇನೆ ಎಂಬ ಅರ್ಥದ ಸಂದೇಶ ಬಂತು. ಆ ನಿದ್ದೆಯ ಕಡತವನ್ನೇ ತೆಗೆದುಹಾಕಿ ಒಳಗೆ ಹೋಗುವ ಒಂದು ಆಜ್ಞೆಯೂ ಇದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿ ಅದನ್ನು ಟೈಪ್ ಮಾಡಿದೆ. ಕಸ ಅಳಿಸಿದೆ. ಮೂರು ಗಂಟೆಗೆ ವಿಂಡೋಸ್ ಚೊಕ್ಕವಾಗಿ ಎದ್ದಿತು. ಮಾಸ್ತರರು ನಾಲ್ಕಕ್ಕೆ ಬಂದು ಒಯ್ದರು. ಅವತ್ತಿನ ದಿನಚರಿಯಲ್ಲಿ ‘ಒಬ್ಬಳೇ ಮಾಡಿದ್ದು: 5, ಆಗದೇ ಉಳಿದದ್ದು: 0’ ಎಂದಿದೆ.

ಮರುದಿನ ಬೆಳಿಗ್ಗೆ ಅವರು ಬಂದವರೇ ವಹಿ ತೆಗೆದರು. ಮಾಸ್ತರರ ಸಾಲಿನಲ್ಲಿ ಖಾಲಿ ಇದ್ದ ಮೂರನೇ ಕಾಲಮಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು. ನಾನು ಮಾಡಿದ್ದನ್ನು ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಹನ್ನೊಂದಕ್ಕೆ ಮಾಸ್ತರರು ಬಂದರು. ಮೂರು ಅಂಕಗಳಿದ್ದವು, ಕೊನೆಯ ಅಂಕ ಇರಲಿಲ್ಲ. ಅದನ್ನು ಅವರು ಹದಿನೈದು ದಿನದಿಂದ ಟೈಪ್ ಮಾಡುತ್ತಿದ್ದರು, ಆದರೆ ಒಂದು ಸಲವೂ ಉಳಿಸಿರಲಿಲ್ಲ. ಉಳಿಸಲು ಹೋದರೆ ಕಂಪ್ಯೂಟರ್ ಹೆಸರು ಕೇಳುತ್ತದೆ. ಮುಗಿಯದ ಅಂಕಕ್ಕೆ ಹೆಸರಿಡಬಾರದು, ಕಾಯಿ ಒಡೆದ ಮೇಲೆ ಇಡಬೇಕು ಎಂಬುದು ಅವರ ಗುರುಗಳು ಹಾಕಿಕೊಟ್ಟ ಪದ್ಧತಿ. ಕೈಬರಹದ ಕಾಲದಿಂದ ಅದು ನಡೆದು ಬಂದಿತ್ತು. ಹಾಗಾಗಿ ಸಂಜೆ ತಾಲೀಮು ಮುಗಿದ ಮೇಲೆ ಮುಚ್ಚಳ ಮುಚ್ಚುತ್ತಿದ್ದರು, ಮರುದಿನ ತೆರೆದರೆ ಬರೆದದ್ದು ಹಾಗೇ ಇರುತ್ತಿತ್ತು. ಇದ್ದದ್ದು ಆ ನಿದ್ದೆಯ ಕಡತದಲ್ಲಿ.

“ನಾನ ಏನೋ ಒತ್ತೀನ್ರಿ,” ಎಂದರು ಮಾಸ್ತರರು. “ನಮ್ಮ ಕೈ ಪೇಟಿಗಿ ಸರಿ. ಇದಕ್ಕ ಸರಿ ಅಲ್ಲ.”

ಅಂಗಡಿಯ ಮಾಲೀಕರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ನನ್ನ ಕಡೆ ನೋಡಿ ಕಣ್ಣಿನಲ್ಲೇ ಸುಮ್ಮನಿರು ಎಂದರು. ಮಾಸ್ತರರು ತಪ್ಪನ್ನು ತಾವೇ ಹೊತ್ತುಕೊಂಡಿದ್ದರು. ನಾನು ಬಾಯಿ ತೆರೆಯದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ನಾನು ಹಿಂದಿನ ಕೋಣೆಗೆ ಹೋದೆ. ಕ್ಯಾಂಪ್ ಸರ್ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟು ಎದ್ದು ನಿಂತರು.

“ನೀನ ಹೇಳಬೇಕಮ್ಮಾ,” ಎಂದರು ಮೆಲ್ಲಗೆ. “ನಾ ಬಾಜೂ ನಿಂತಿರ್ತೀನಿ.”

ಹೇಳಿದೆ. ಎಷ್ಟು ವಾಕ್ಯದಲ್ಲಿ ಹೇಳಿದೆ ಎಂಬುದು ನೆನಪಿಲ್ಲ, ದಿನಚರಿಯಲ್ಲೂ ಇಲ್ಲ. ಕ್ಯಾಂಪ್ ಸರ್ ಒಂದು ಮಾತೂ ಸೇರಿಸಲಿಲ್ಲ, ಒಂದು ಮಾತೂ ತಿದ್ದಲಿಲ್ಲ. ಮಾಸ್ತರರು ಬಾಕಿನ ಮೇಲೆ ಕುಳಿತರು. ನೀರು ಕೇಳಿ ಕುಡಿದರು.

“ಹಂಗಾರ ನಮ್ಮ ಖಳನಾಯಕ ಬದುಕಿದ ಅನ್ನು ತಂಗಿ,” ಎಂದರು. “ಕೊನೀ ಅಂಕದಾಗ ಸಾಯಾಂವ ಇದ್ದ.”

ಆ ಅಂಕ ವಾಪಸ್ ಬರುತ್ತದೆಯೇ ಎಂದು ಮಾಸ್ತರರು ಕ್ಯಾಂಪ್ ಸರ್‌ಗೆ ಕೇಳಿದರು. ಅವರು ಎರಡು ದಿನ ಕೊಡಿ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು.

ಆ ಎರಡು ದಿನ ನಾನು ಅವರನ್ನು ನೋಡಿದಷ್ಟು ಸೂಕ್ಷ್ಮವಾಗಿ ಬೇರೆ ಯಾವಾಗಲೂ ನೋಡಿಲ್ಲ. ಮೊದಲು ಇಡೀ ಡಿಸ್ಕಿನ ನಕಲನ್ನು ಇನ್ನೊಂದು ಡಿಸ್ಕಿಗೆ ಇಳಿಸಿದರು. ಅದಕ್ಕೇ ಏಳು ಗಂಟೆ ಹಿಡಿಯಿತು. ಅಸಲಿಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ನಕಲಿನಲ್ಲಿ ಅಳಿಸಿಹೋದದ್ದನ್ನು ಹುಡುಕತೊಡಗಿದರು. ಮಾಸ್ತರರಿಂದ ಕೊನೆಯ ಅಂಕದ ಕೆಲವು ಪದಗಳನ್ನು ಕೇಳಿ ಬರೆದುಕೊಂಡಿದ್ದರು. ಪಾತ್ರಗಳ ಹೆಸರು ಸಿಕ್ಕವು, ಎರಡನೇ ಅಂಕದ ಹಳೆಯ ಕರಡು ಸಿಕ್ಕಿತು, ಹಿಂದಿನ ವರ್ಷದ ಯಾವುದೋ ಮದುವೆ ಆಮಂತ್ರಣವೂ ಸಿಕ್ಕಿತು. ಬೇಕಾದದ್ದು ಸಿಗಲಿಲ್ಲ. ವಿಂಡೋಸ್ ಎದ್ದು ಓಡಾಡಿ ಆ ಜಾಗದ ಮೇಲೆ ಬೇರೇನೋ ಬರೆದುಬಿಟ್ಟಿತ್ತು. ನನ್ನನ್ನು ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದೊಂದು ಹುಡುಕಾಟ ಮುಗಿದಾಗಲೂ “ಬರಕೋ” ಎನ್ನುತ್ತಿದ್ದರು. ನಾನು ಬರೆದುಕೊಂಡೆ. ಮೂವತ್ನಾಲ್ಕು ಹುಡುಕಾಟ.

ಶನಿವಾರ ಮಧ್ಯಾಹ್ನ ಕುರ್ಚಿಯನ್ನು ಹಿಂದೆ ಸರಿಸಿ, ಇಲ್ಲಮ್ಮಾ ಎಂದರು. ಐದು ನಿಮಿಷ ಬಿಟ್ಟು ಮಾಸ್ತರರಿಗೆ ಫೋನ್ ಹಚ್ಚಿದರು. ಡಿಸ್ಕಿನಲ್ಲಿ ಇಲ್ಲ ಎಂಬುದನ್ನು ಮೊದಲು ಹೇಳಿದರು. ಆಮೇಲೆ ಕೇಳಿದರು: “ಮಾಸ್ತರ, ಆ ಅಂಕ ಯಾರ್ಯಾರು ಕೇಳ್ಯಾರ?”

ನನಗೆ ಆಗ ಅರ್ಥವಾಯಿತು. ಅವರು ಇನ್ನೊಂದು ನಕಲು ಹುಡುಕುತ್ತಿದ್ದರು. ಮಾಸ್ತರರು ಸಂಜೆ ಪರದೆ ನೋಡಿ ಓದುತ್ತಿದ್ದರು, ಪಾತ್ರಧಾರಿಗಳು ತಮ್ಮ ತಮ್ಮ ಮಾತನ್ನು ಕೇಳಿ ಬಾಯಿಪಾಠ ಮಾಡುತ್ತಿದ್ದರು. ಅಂಕ ಏಳು ಜನರ ಬಾಯಲ್ಲಿ ಹಂಚಿಹೋಗಿತ್ತು.

ಫೆಬ್ರವರಿ 16, ಭಾನುವಾರ. ಕ್ಯಾಂಪ್ ಸರ್ ಮೊಪೆಡ್ಡಿನಲ್ಲಿ ಇಬ್ಬರೂ ಮರಳಿಗೆ ಹೋದೆವು. ಶಾಲೆಯ ಪಡಸಾಲೆಯಲ್ಲಿ ಏಳೂ ಜನ ಬಂದಿದ್ದರು. ಬೆಳಿಗ್ಗೆ ಗದ್ದೆಗೆ ಹೋಗಿ ಬಂದವರ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದೆ. ಕ್ಯಾಂಪ್ ಸರ್ ಚೀಲದಿಂದ ಒಂದು ತೆಂಗಿನಕಾಯಿ ತೆಗೆದು ಮಾಸ್ತರರ ಮುಂದಿಟ್ಟರು. “ಇದನ್ನ ಮೊದಲ ಒಡದು ಬಿಡ್ರಿ. ನಿಮ್ಮ ಗುರುಗಳ ಕಾಲಕ್ಕ ಕರೆಂಟ್ ಇರಲಿಲ್ಲ,” ಎಂದರು. ಮಾಸ್ತರರು ಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಒಡೆದರು. ಕಡತಕ್ಕೆ ಹೆಸರಿಟ್ಟೆವು.

ಕುಳಿತಲ್ಲಿ ಹೇಳು ಎಂದರೆ ಯಾರಿಗೂ ಮಾತು ಬರಲಿಲ್ಲ. ಖಳನಾಯಕನಿಗೆ ಕೈಯಲ್ಲಿ ಕೋಲು ಬೇಕು. ತಮ್ಮನ ಪಾತ್ರದವನು ಎಡಗಡೆಯಿಂದ ನಡೆದು ಬಂದರೆ ಮಾತ್ರ ಮಾತು ಬರುತ್ತಿತ್ತು, ಬಲಗಡೆಯಿಂದ ಬಂದರೆ ತೊದಲುತ್ತಿದ್ದ. ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಬೇಕಾಯಿತು. ಖಳನಾಯಕ ಒದರುವುದನ್ನು ಕೇಳಿ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ನಿಂತಿತು. ಅವನು ತನಗೆ ಇಲ್ಲದ ಎರಡು ಮಾತನ್ನೂ ಸೇರಿಸಿ ಹೇಳಿದ.

“ಇದನ್ನ ನಾ ಯಾವಾಗ ಬರದೀನೋ?” ಎಂದರು ಮಾಸ್ತರರು.

“ಬರದಿಲ್ರಿ. ಬರೀತೀರಿ ಅಂತ ಕಾಯಾಕತ್ತಿದ್ದೆ.”

ಮಧ್ಯಾಹ್ನ ಒಂದೂವರೆಗೆ ಲೆಕ್ಕ ಹಾಕಿದೆ. ಗಂಡಸರ ಮಾತು ಒಟ್ಟು ಅರವತ್ನಾಲ್ಕು ಎಂದು ಮಾಸ್ತರರು ಹೇಳಿದ್ದರು. ಅರವತ್ತೊಂದು ಸಿಕ್ಕಿದ್ದವು. ಸಿಗದ ಮೂರು ಸಣ್ಣವು, ಮಾಸ್ತರರೇ ನಿಂತಲ್ಲೇ ಹೇಳಿದರು.

ತಾಯಿಯ ಮಾತು ಯಾರ ಬಾಯಲ್ಲೂ ಇರಲಿಲ್ಲ. ನಮ್ಮ ಕಡೆ ಹಳ್ಳಿ ನಾಟಕದಲ್ಲಿ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ನಟಿಯರನ್ನು ಕರೆಸುತ್ತಾರೆ. ಅವರು ಆಟಕ್ಕೆ ಒಂದೆರಡು ದಿನ ಮುಂಚೆ ಬಂದು, ಕೈಗೆ ಕೊಟ್ಟ ಹಾಳೆ ನೋಡಿ ಮಾತು ಕಲಿಯುತ್ತಾರೆ. ತಾಲೀಮಿನಲ್ಲಿ ತಾಯಿಯ ಮಾತನ್ನು ಮಾಸ್ತರರೇ ಓದುತ್ತಿದ್ದರು. ಉಳಿದವರು ಆ ಮಾತಿನ ಕೊನೆಯ ಎರಡು ಪದವನ್ನಷ್ಟೇ ಹಿಡಿದಿಟ್ಟುಕೊಂಡಿದ್ದರು, ತಮ್ಮ ಸರದಿ ಬಂತು ಎಂದು ತಿಳಿಯಲಿಕ್ಕೆ. ಆಕೆಯ ಹನ್ನೊಂದು ಮಾತುಗಳ ಬಾಲ ಮಾತ್ರ ನಮ್ಮ ಹತ್ತಿರ ಇತ್ತು. ಸಣ್ಣ ಮಾತು ಹತ್ತನ್ನು ಮಾಸ್ತರರು ಹೇಗೋ ಕೂಡಿಸಿದರು. ಅಣ್ಣ ತಮ್ಮ ಕೊಡಲಿ ಹಿಡಿದು ನಿಂತಾಗ ತಾಯಿ ಆಡುವ ಉದ್ದನೆಯ ಮಾತು ಉಳಿಯಿತು. ಅದನ್ನು ಅವರು ಬರೆದದ್ದು ಹಿಂದಿನ ಭಾನುವಾರ, ಯಂತ್ರ ಕೆಡುವ ಮುಂಚೆ, ಓದಿದ್ದು ಒಂದೇ ಸಲ. ಅಣ್ಣನ ಪಾತ್ರದವನ ಹತ್ತಿರ ಇದ್ದದ್ದು ಎರಡೇ ಪದ: ‘ತೆರದ ಇಟ್ಟೀನಿ’.

“ಏನು ತೆರದ ಇಟ್ಟಾಳ?” ಎಂದು ಖಳನಾಯಕ ಕೇಳಿದ.

“ಬಾಗಲಾ,” ಎಂದರು ಮಾಸ್ತರರು. “ಬಾಗಲದ ಮಟಾ ನೆನಪೈತಿ. ಒಳಗ ಏನಿತ್ತೋ ಇಲ್ಲ.”

ನಟಿ ಗುರುವಾರ ಬರುವವಳಿದ್ದಳು. ಗಂಡಸರೆಲ್ಲ ಊಟಕ್ಕೆ ಹೋದರು. ನಾವು ಮೂವರೇ ಉಳಿದೆವು. ಮಾಸ್ತರರು ಪಡಸಾಲೆಯಲ್ಲಿ ಈ ಕಡೆಯಿಂದ ಆ ಕಡೆ ನಡೆದರು. ಒಂದು ವಾಕ್ಯ ಹೇಳಿದರು, ಟೈಪ್ ಮಾಡಿದೆ. ಇನ್ನೊಂದು ಹೇಳಿ, ಅಳಿಸು ಎಂದರು. ಮತ್ತೆ ಮೂರು ವಾಕ್ಯ ಹೇಳಿದರು. ಒಟ್ಟು ನಾಲ್ಕಾದವು. ನನಗೆ ಅವು ಚೆನ್ನಾಗಿ ಕಂಡವು, ಹಾಗೆಂದು ಹೇಳಬೇಕು ಅನ್ನಿಸಿತು. ಹೇಳಿದ್ದರೆ ನನಗೆ ಹಗುರಾಗುತ್ತಿತ್ತು.

ಮಾಸ್ತರರು ಕಂಬಕ್ಕೆ ಕೈ ಆನಿಸಿ ನಿಂತರು. “ಮೊದಲಿಂದು ಹಿಂಗ ಇರಲಿಲ್ಲ,” ಎಂದರು. “ಅದು ಇದಕ್ಕಿಂತ ಛಲೋ ಇತ್ತು ತಂಗಿ. ಸುಳ್ಳ ಯಾಕ ಹೇಳಲಿ.”

ನಾನು ಕ್ಯಾಂಪ್ ಸರ್ ಕಡೆ ನೋಡಿದೆ. ಇಲ್ಲ ಮಾಸ್ತರ, ಇದೂ ಛಲೋ ಐತಿ ಎಂದು ಅವರು ಅನ್ನುತ್ತಾರೆ ಎಂದುಕೊಂಡೆ. ಅವರು ಅನ್ನಲಿಲ್ಲ.

“ಇದ್ದಿರಬೇಕು ರೀ,” ಎಂದರು. “ಇದನ್ನ ಮೊದಲ ಉಳಸೂಣು. ಹೆಂಗೈತಿ ಅನ್ನೂದು ಆಮ್ಯಾಲ ಮಾತಾಡೂಣು.”

ನಾನು ಉಳಿಸಿದೆ. ಮಾಸ್ತರರು ಕಂಬದ ಹತ್ತಿರವೇ ನಿಂತಿದ್ದರು, ನಾವಿಬ್ಬರೂ ಅವರನ್ನೇ ನೋಡುತ್ತಿದ್ದೆವು. ಕ್ಯಾಂಪ್ ಸರ್ ಎದ್ದು ತಮ್ಮ ಕುರ್ಚಿಯನ್ನು ಅಂಗಳದ ಕಡೆ ತಿರುಗಿಸಿ, ಮಾಸ್ತರರಿಗೆ ಬೆನ್ನು ಮಾಡಿ ಕುಳಿತರು. ನೀನೂ ಪರದೆ ಮಾತ್ರ ನೋಡು ಎಂದು ಬೆರಳಿನಿಂದ ತೋರಿಸಿದರು. ನಾನು ಪರದೆ ನೋಡುತ್ತ ಕುಳಿತೆ. ಬಹಳ ಹೊತ್ತಿನ ಮೇಲೆ, ಹಿಂದಿನಿಂದ, ಮಾಸ್ತರರ ದನಿಯಲ್ಲಿ ತಾಯಿಯ ಮಾತು ಮತ್ತೆ ಮೊದಲಿನಿಂದ ಶುರುವಾಯಿತು.